ಮಣ್ಣು ಮುಚ್ಚಿ, ಮಣ್ಣು ಬಿಡಿಸಿ

ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಗುಲಾಬಿ ಗಿಡವನ್ನು ಹೂಳುತ್ತಾರೆ. ಮೈತುಂಬ ಎಲೆಯಿರುವ, ತುದಿಯಲ್ಲಿ ಒಂದೆರಡು ಮೊಗ್ಗು ಇನ್ನೂ ಬಾಯಿಬಿಡದೆ ಉಳಿದಿರುವ ಜೀವಂತ ಗಿಡವನ್ನೇ. ತಮ್ಮನ ಮನೆಗೆ ಹೋಗಿದ್ದಾಗ, ಅಕ್ಟೋಬರ್ ನಡುವಿನ ಒಂದು ಶನಿವಾರ, ಪಕ್ಕದ ಹಿತ್ತಿಲಿನಲ್ಲಿ ಇದನ್ನು ಕಣ್ಣಾರೆ ಕಂಡೆ. "ಅಕ್ಕಾ, ಬೇಗ ಬಾ. ಗುಲಾಬಿಗೆ ಗುಂಡಿ ತೋಡ್ತಿದಾರೆ" ಎಂದು ತಮ್ಮ ಕೂಗಿದ. ಬೇಲಿಯಾಚೆ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ನೆಲಕ್ಕೆ ಮೊಣಕಾಲೂರಿ ಕೂತಿದ್ದರು.

ಅವರು ಮೊದಲು ಗಿಡದ ಕೊಂಬೆಗಳನ್ನೆಲ್ಲ ಒಟ್ಟುಮಾಡಿ ಸೆಣಬಿನ ಹುರಿಯಿಂದ ಬುಡದಿಂದ ತುದಿಯವರೆಗೆ ಸುತ್ತಿದರು. ಹುರಿಯ ಒಂದು ತುದಿಯನ್ನು ಉದ್ದಕ್ಕೆ ಬಿಟ್ಟುಕೊಂಡರು. ಮಣ್ಣಿನ ಮೇಲೆ ಅದು ಕಾಣುತ್ತಿದ್ದರೆ ವಸಂತದಲ್ಲಿ ಗಿಡ ಎಲ್ಲಿದೆಯೆಂದು ಗೊತ್ತಾಗುತ್ತದೆ. ಆಮೇಲೆ ಗಿಡದ ಒಂದು ಪಕ್ಕಕ್ಕೆ ಅದರ ಎತ್ತರದಷ್ಟೇ ಉದ್ದದ ಕಾಲುವೆ ತೋಡಿದರು. ಎದುರು ಪಕ್ಕದ ಮಣ್ಣನ್ನು ಸಡಿಲಿಸಿ, ಆ ಕಡೆಯ ಬೇರು ಹಿಡಿತ ಬಿಡುವಂತೆ ಮಾಡಿ, ಗಿಡವನ್ನು ಬುಡದಿಂದಲೇ ಮೆಲ್ಲಮೆಲ್ಲಗೆ ಒತ್ತಿ ಕಾಲುವೆಯೊಳಕ್ಕೆ ಮಲಗಿಸಿದರು. ಬಾಗಬೇಕಾದದ್ದು ಬೇರು, ಕೊಂಬೆ ಬಾಗಿಸಲು ಹೋದರೆ ಕಸಿಯ ಗಂಟಿನಲ್ಲೇ ಮುರಿದುಬಿಡುತ್ತದೆ ಎಂದು ಕೈ ಇಟ್ಟು ತೋರಿಸಿದರು. ಮೇಲೆ ಮಣ್ಣು ಎಳೆದರು. ನೆಲ ಹೆಪ್ಪುಗಟ್ಟುವ ಹೊತ್ತಿಗೆ ಅದರ ಮೇಲೆ ಒಣಗಿದ ಮೇಪಲ್ ಎಲೆ ತುಂಬಿದ ಚೀಲಗಳು ಬಂದು ಕೂರುತ್ತವೆ. ಏಪ್ರಿಲ್‌ನಲ್ಲಿ ಹುರಿ ಹಿಡಿದು ಎಬ್ಬಿಸುವತನಕ ಗಿಡ ಬಾಣಂತಿಯ ಹಾಗೆ ಹೊದ್ದು ಮಲಗಿರುತ್ತದೆ. ಆ ಊರಿನವರು ಇದನ್ನು ಮಿನ್ನೆಸೋಟಾ ಟಿಪ್ ಎಂದು ಕರೆಯುತ್ತಾರೆ.

ಮಣ್ಣಿನೊಳಗೆ ಗಿಡ ಬೆಚ್ಚಗಿರುತ್ತದೆ ಎಂದು ನಾನು ಭಾವಿಸಿದ್ದೆ. ಹಿರಿಯರು ತಲೆಯಾಡಿಸಿದರು. ಬೆಚ್ಚಗೇನೂ ಇರುವುದಿಲ್ಲ, ಆದರೆ ಒಂದೇ ಸಮನಾಗಿರುತ್ತದೆ. ಹೊರಗೆ ಜನವರಿಯಲ್ಲಿ ಸೊನ್ನೆಗಿಂತ 25, 30 ಡಿಗ್ರಿ ಕೆಳಗಿಳಿಯುವ ರಾತ್ರಿಗಳಿವೆ. ನಡುವೆ ಎರಡು ದಿನ ಬಿಸಿಲು ಬಂದು ತೊಗಟೆ ಕರಗುತ್ತದೆ, ಮೂರನೆಯ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ, ಒಣಗಾಳಿ ಕೊಂಬೆಯ ನೀರನ್ನೆಲ್ಲ ಹೀರುತ್ತದೆ. ಎಲೆಯೂ ಹಿಮವೂ ಹೊದ್ದ ನೆಲದಲ್ಲಿ ಮಾತ್ರ ಆ ಏರಿಳಿತವಿಲ್ಲ. ಗುಲಾಬಿಯನ್ನು ಕೊಲ್ಲುವುದು ಬರೀ ಚಳಿಯಲ್ಲ, ಎಬ್ಬಿಸಿ ಎಬ್ಬಿಸಿ ಮತ್ತೆ ಹೊಡೆಯುವ ಚಳಿ.

ನಾವು ಅಂಗಡಿಯಿಂದ ತರುವ ಹೆಚ್ಚಿನ ಗುಲಾಬಿ ಒಂದು ಗಿಡವಲ್ಲ, ಎರಡು. ಗಟ್ಟಿ ಬೇರಿನ ಕಾಡು ಜಾತಿಯೊಂದರ ತೊಗಟೆ ಸೀಳಿ ಚಂದದ ಹೂವಿನ ತಳಿಯ ಕಣ್ಣೊಂದನ್ನು ಕೂರಿಸಿರುತ್ತಾರೆ. ಎರಡೂ ಬೆಸೆದ ಜಾಗದಲ್ಲಿ ಗಂಟು ಮೂಡುತ್ತದೆ. ಆ ಗಂಟು ಸತ್ತರೆ ಕೆಳಗಿನ ಕಾಡುಗಿಡ ಚಿಗುರಿ, ಕೊಟ್ಟ ಹಣಕ್ಕೆ ಬೇರೆಯದೇ ಹೂವು ಸಿಗುತ್ತದೆ. ಅದಕ್ಕೇ ಮಿನ್ನೆಸೋಟಾದಲ್ಲಿ ನೆಡುವಾಗ ಗಂಟು ನೆಲಮಟ್ಟಕ್ಕಿಂತ ಎರಡು ಮೂರು ಅಂಗುಲ ಕೆಳಗಿರಬೇಕು. ಬೆಂಗಳೂರಿನಲ್ಲಿ ನರ್ಸರಿಯ ಮಾಲಿ ಗಂಟು ಮಣ್ಣಿನ ಮೇಲೆಯೇ ಇರಲಿ, ಒಳಗೆ ಹೋದರೆ ಕೊಳೆಯುತ್ತೆ ಎಂದು ಎರಡೆರಡು ಸಲ ಹೇಳಿ ಕಳಿಸುತ್ತಾನೆ. ಇಬ್ಬರದೂ ಸರಿ. ಕೆಲವೇ ಅಂಗುಲದ ಈ ವ್ಯತ್ಯಾಸದಲ್ಲಿ ಎರಡು ಊರುಗಳ ಹವೆ ಪೂರ್ತಿ ಅಡಗಿದೆ ಎಂದು ನನಗೆ ಅನ್ನಿಸಿದ್ದು ಆ ಹಿತ್ತಿಲಿನಲ್ಲಿ.

ಮರುದಿನ ತಮ್ಮ ಹ್ಯಾರಿಯೆಟ್ ಸರೋವರದ ಪಕ್ಕದ ಲಿಂಡೇಲ್ ಪಾರ್ಕಿನ ಗುಲಾಬಿ ತೋಟಕ್ಕೆ ಕರೆದೊಯ್ದ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಆ ನಗರದ ಉದ್ಯಾನಗಳನ್ನು ಬೆಳೆಸಿದ ಥಿಯೋಡರ್ ವಿರ್ತ್ 1908ರಲ್ಲಿ ಶುರುಮಾಡಿದ ತೋಟ ಅದು. ಇಷ್ಟು ಚಳಿಯ ನಾಡಿನಲ್ಲೂ ಗುಲಾಬಿ ಬೆಳೆದೀತು ಎಂದು ಜನರಿಗೆ ತೋರಿಸುವ ಹಟ ಆ ಸಾಲುಗಳಲ್ಲಿ ಕಾಣುತ್ತದೆ. ನನ್ನ ಕಣ್ಣು ಹೋದದ್ದು ಮಾತ್ರ ಯಾವ ಹೊದಿಕೆಯೂ ಬೇಡದ ಪೊದೆಗುಲಾಬಿಗಳ ಕಡೆಗೆ. ಹಿಮ ಬಿದ್ದರೂ ನಿಂತಲ್ಲೇ ನಿಲ್ಲುವ ಇಂಥ ಗಿಡಗಳ ಹಿಂದೆ ಒಂದಿಷ್ಟು ಜನರ ಇಡೀ ಬಾಳಿದೆ. ಕೆನಡಾದ ಒಟ್ಟಾವಾದಲ್ಲಿ ಫೆಲಿಸಿಟಾಸ್ ಸ್ವೇಡಾ ಎಂಬ ವಿಜ್ಞಾನಿ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಕೂತು, ಅಲ್ಲಿನ ಕೊರೆಯುವ ಚಳಿಗೆ ಬಗ್ಗದ ಗುಲಾಬಿಗಳನ್ನು ಸೃಷ್ಟಿಸಿ ಅವಕ್ಕೆ ಜಾನ್ ಕ್ಯಾಬಟ್, ವಿಲಿಯಂ ಬ್ಯಾಫಿನ್ ಎಂದು ಹಳೆಯ ಅನ್ವೇಷಕರ ಹೆಸರಿಟ್ಟರು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರಿಫಿತ್ ಬಕ್ ಇನ್ನೂ ಕಠಿಣರು. ಸಸಿಗಳಿಗೆ ಔಷಧಿ ಸಿಂಪಡಿಸಲಿಲ್ಲ, ಚಳಿಗೆ ಮುಚ್ಚಲಿಲ್ಲ. ಉಳಿದದ್ದನ್ನಷ್ಟೇ ಇಟ್ಟುಕೊಂಡರು.

ಅವರು 1977ರಲ್ಲಿ ಹೊರತಂದ ಕೇರ್‌ಫ್ರೀ ಬ್ಯೂಟಿ ಎಂಬ ಗುಲಾಬಿ ಬಣ್ಣದ ಹೂವಿನ ಕಥೆ ನನಗೆ ಬಹಳ ಪ್ರಿಯ. ಹಿಮದ ಅಯೋವಾದಲ್ಲಿ ಹುಟ್ಟಿದ ಈ ಗಿಡ ಮುಂದೊಂದು ದಿನ ಸುಡು ಬಿಸಿಲಿನ ಟೆಕ್ಸಾಸ್‌ನಲ್ಲಿ, ಕೇಟಿ ರಸ್ತೆಯ ಬದಿಯಲ್ಲಿ, ಹೆಸರೂ ಊರೂ ತಿಳಿಯದ ಗುಲಾಬಿಯಾಗಿ ಸಿಕ್ಕಿತು. ಹಳೆಯ ಗುಲಾಬಿ ಹುಡುಕುವವರು ಅದನ್ನು ಕೇಟಿ ರೋಡ್ ಪಿಂಕ್ ಎಂದು ಕರೆದು ಹಂಚಿಕೊಂಡರು. ಬಕ್ ಅವರ ಗಿಡವೆಂದು ತಿಳಿದದ್ದು ಆಮೇಲೆ. ಚಳಿಗೆಂದು ಆರಿಸಿದ್ದು ಬಿಸಿಲಿನಲ್ಲೂ ಬಾಳಿತು. ಯಾರ ಆರೈಕೆಯೂ ಇಲ್ಲದೆ ಬದುಕುವ ಕಸುವನ್ನು ಆರಿಸುತ್ತ ಹೋದರೆ ಅದು ಒಂದೇ ಹವೆಗೆ ಕಟ್ಟುಬಿದ್ದಿರುವುದಿಲ್ಲ. ಪಕ್ಕದ ಮನೆಯ ಹಿರಿಯರ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಅವರ ಬೆನ್ನು ಸೋತ ವರ್ಷ ಆ ತೋಟದ ಗತಿಯೇನು ಎಂಬ ಚಿಂತೆಯೂ ನನ್ನ ಜೊತೆಗೇ ಬಂತು. ಬಕ್ ಅವರ ದಾರಿಯ ಕಡೆಗೆ ನನ್ನ ಮನಸ್ಸು ವಾಲಿದ್ದು ಅಲ್ಲಿಂದಲೇ.

ಜರ್ಮನಿಯ ಜಾಂಗರ್‌ಹೌಸನ್‌ಗೆ ಹೋದದ್ದು ಬೇರೊಂದು ವರ್ಷದ ಜೂನ್ ಕೊನೆಯಲ್ಲಿ. ಹಾಲೆ ನಗರದಿಂದ ರೈಲು. ಊರು ಸಮೀಪಿಸುತ್ತಿದ್ದಂತೆ ಕಿಟಕಿಯಲ್ಲಿ ಗೋಪುರದಂಥ ಬೋಳುಗುಡ್ಡವೊಂದು ಏಳುತ್ತದೆ. ಅದು ಬೆಟ್ಟವಲ್ಲ, ತಾಮ್ರದ ಗಣಿ ಅಗೆದು ಸುರಿದ ಕಲ್ಲಿನ ರಾಶಿ. ಕೋಲಾರದ ಸೈನೈಡ್ ದಿಬ್ಬಗಳನ್ನು ನೋಡಿ ಬೆಳೆದ ನನಗೆ ಆ ರಾಶಿ ಅಪರಿಚಿತ ಅನ್ನಿಸಲಿಲ್ಲ. ಆ ಗಣಿ ಊರಿನಲ್ಲಿ 1903ರಲ್ಲಿ ಜರ್ಮನ್ ಗುಲಾಬಿ ಪ್ರಿಯರು ಸೇರಿ ತೆರೆದ ತೋಟದಲ್ಲಿ ಇವತ್ತು 8,000ಕ್ಕೂ ಹೆಚ್ಚು ತಳಿಗಳಿವೆ. ಎರಡು ಮಹಾಯುದ್ಧ ಬಂದು ಹೋದವು, ದೇಶ ಎರಡಾಗಿ ಮತ್ತೆ ಒಂದಾಯಿತು. ಬೇರೆಲ್ಲೂ ಉಳಿಯದ ಎಷ್ಟೋ ತಳಿಗಳು ಇಲ್ಲಿ ಉಳಿದವು.

ಹೆಸರಿನ ಫಲಕ ಓದುತ್ತ ಹೋಗುವುದನ್ನು ಸ್ವಲ್ಪ ಹೊತ್ತಿಗೇ ಬಿಟ್ಟುಬಿಟ್ಟೆ. ಯುರೋಪಿನ ಹಳೆಯ ಗುಲಾಬಿಗಳ ಮಧ್ಯೆ ನಿಂತಾಗ ಓದುವುದಕ್ಕಿಂತ ಉಸಿರಾಡುವುದೇ ಹೆಚ್ಚಿನ ಕೆಲಸ. ಗ್ಯಾಲಿಕಾ, ಆಲ್ಬಾ, ಡಮಾಸ್ಕ್, ನೂರೆಸಳಿನ ಸೆಂಟಿಫೋಲಿಯಾ. ಆಳೆತ್ತರದ ಪೊದೆಗಳು ಹೂವಿನ ಭಾರಕ್ಕೆ ನೆಲ ಮುಟ್ಟುತ್ತಿದ್ದವು. ನಮ್ಮ ಬೊಕೆಯ ಗುಲಾಬಿಯಂತೆ ಚೂಪು ಮೊಗ್ಗಿಲ್ಲ. ಅರಳಿದ ಮೇಲೆ ಎಸಳುಗಳು ತಟ್ಟೆಯಾಗಿ ಹರಡಿ ಒಳಗೆ ನಾಲ್ಕು ಭಾಗವಾಗಿ ಮಡಚಿಕೊಂಡಿರುತ್ತವೆ. ಪರಿಮಳ ಮಾತ್ರ ನನ್ನ ಅಜ್ಜಿಯ ಹಿತ್ತಿಲಿನ ಪನ್ನೀರು ಗುಲಾಬಿಯದೇ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ, ಇವು ಎಷ್ಟು ದಿನ ಹೀಗಿರುತ್ತವೆ? ಇನ್ನು ಎರಡು ಮೂರು ವಾರ ಎಂದರು. ಆಮೇಲೆ? ಮುಂದಿನ ಜೂನ್.

ವರ್ಷಕ್ಕೊಂದೇ ಸಲ. ಈ ಗಿಡಗಳು ಹೂ ಬಿಡುವುದು ಹಿಂದಿನ ವರ್ಷದ ಕೊಂಬೆಯಲ್ಲಿ, ಒಂದು ಪೂರ್ತಿ ಚಳಿಗಾಲ ಮಲಗಿ ಎದ್ದ ಮೇಲೆ. ಆ ಚಳಿ ಸಿಗದ ಊರಿನಲ್ಲಿ ಎಲೆ ಬಿಟ್ಟುಕೊಂಡು ನಿಲ್ಲುತ್ತವೆಯೇ ಹೊರತು ಹೂವಿನ ಮಾತಿಲ್ಲ. ಮಲಗುವ ಮುಂಚೆ ಬುಡಕ್ಕೆ ಮಣ್ಣು ಏರಿಸಿ, ನಾಜೂಕಿನ ತಳಿಗಳಿಗೆ ಸ್ಪ್ರೂಸ್ ಕೊಂಬೆ ಹೊದಿಸುವುದು ಜರ್ಮನಿಯ ರೂಢಿ. ಕತ್ತರಿ ಹಾಕುವ ದಿನವನ್ನು ಅಲ್ಲಿನವರು ಕ್ಯಾಲೆಂಡರ್ ನೋಡಿ ಗೊತ್ತುಮಾಡುವುದಿಲ್ಲ. ಫೊರ್ಸೀಥಿಯಾ ಎಂಬ ಪೊದೆ ಹಳದಿ ಹೂ ಬಿಟ್ಟಿತೆಂದರೆ ಗುಲಾಬಿ ಸವರುವ ಹೊತ್ತಾಯಿತು. ಒಂದು ಗಿಡದ ಮಾತನ್ನು ಇನ್ನೊಂದು ಗಿಡಕ್ಕಾಗಿ ಕೇಳಿಸಿಕೊಳ್ಳುವ ಈ ಕ್ರಮ ನನಗೆ ತುಂಬ ಹಿಡಿಸಿತು.

ಜಾಂಗರ್‌ಹೌಸನ್‌ನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಸಾಧಾರಣವಾಗಿ ಕಾಣುವ ತಿಳಿಗುಲಾಬಿ ಬಣ್ಣದ ಹೂವಿನೆದುರು. ಓಲ್ಡ್ ಬ್ಲಷ್. ಚೀನಾದ ತೋಟಗಳಲ್ಲಿ ಎಷ್ಟೋ ತಲೆಮಾರು ಬೆಳೆದು, 1793ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಅರಳಿದ ಗುಲಾಬಿ. ಚೀನಾದ ಗುಲಾಬಿಗಳು ಯುರೋಪಿಗೆ ಹೋಗುವಾಗ ಹಡಗುಗಳು ಕಲ್ಕತ್ತೆಯಲ್ಲಿ ತಂಗುತ್ತಿದ್ದವು. ಹಾಗಾಗಿಯೇ ಫ್ರೆಂಚರು ಇವನ್ನು ಬಂಗಾಳದ ಗುಲಾಬಿ ಎಂದು ಕರೆದರು. ಇದರ ದೊಡ್ಡ ಗುಣವೆಂದರೆ ನಿಲ್ಲದಿರುವುದು. ಚಿಗುರಿದರೆ ತುದಿಯಲ್ಲಿ ಹೂವು, ಮತ್ತೆ ಚಿಗುರು, ಮತ್ತೆ ಹೂವು. ಹೂ ಬಿಡುವುದನ್ನು ತಡೆದು ಹಿಡಿಯುವ ಒಂದು ಜೀನ್ ಗುಲಾಬಿಯಲ್ಲಿದೆ. ಚೀನಾದ ತಳಿಗಳಲ್ಲಿ ಎಂದೋ ಒಂದು ಕಾಲದಲ್ಲಿ ಅದರ ನಡುವೆ ಬೇರೊಂದು ಡಿಎನ್ಎ ತುಣುಕು ಬಂದು ಸಿಕ್ಕಿಕೊಂಡು ಆ ತಡೆ ಕೆಟ್ಟಿತು ಎಂದು 2012ರಲ್ಲಿ ವಿಜ್ಞಾನಿಗಳು ತೋರಿಸಿದರು. ಈ ನಿಲ್ಲದ ಗುಣವನ್ನು ಯುರೋಪಿನ ಗುಲಾಬಿಗಳ ಜೊತೆ ಬೆರೆಸಿ ಬೆರೆಸಿ 1867ರ ಲಾ ಫ್ರಾನ್ಸ್, ಆಮೇಲೆ ಇಂದಿನ ಹೈಬ್ರಿಡ್ ಟೀ ಗುಲಾಬಿಗಳೆಲ್ಲ ಬಂದವು.

ಅಂದರೆ ನಮ್ಮ ಕುಂಡದಲ್ಲಿರುವ ಪ್ರತಿ ಹೈಬ್ರಿಡ್ ಗುಲಾಬಿಗೂ ಎರಡು ತವರು. ಮಲಗಿ ಏಳಬೇಕೆನ್ನುವ ರಕ್ತ ಒಂದು ಕಡೆಯಿಂದ, ಮಲಗಲೊಲ್ಲೆನೆನ್ನುವ ರಕ್ತ ಇನ್ನೊಂದು ಕಡೆಯಿಂದ. ಮಿನಿಯಾಪೊಲಿಸ್‌ನ ಹಿರಿಯರು ಗುಂಡಿ ತೋಡುವುದು ಚೀನಾದ ರಕ್ತಕ್ಕಾಗಿ. ಅದಕ್ಕೆ ಹಿಮ ಗೊತ್ತಿಲ್ಲ. ಚಳಿಯಿಲ್ಲದ ನಮ್ಮ ಕಡೆ ಪಾಡು ಪಡಬೇಕಾದದ್ದು ಯುರೋಪಿನ ರಕ್ತಕ್ಕಾಗಿ. ವರ್ಷವಿಡೀ ಚಿಗುರಿ, ಹೂಬಿಟ್ಟು, ಬಳಲಿ, ತುದಿಯಿಂದ ಬುಡಕ್ಕೆ ಒಣಗುತ್ತ ಬರುವ ರೋಗಕ್ಕೆ ಸಿಕ್ಕಿ ಸಾಯುವ ಗುಲಾಬಿಯನ್ನು ಕರ್ನಾಟಕದಲ್ಲಿ ಯಾರು ಕಂಡಿಲ್ಲ? ಅದನ್ನು ನೀರು ಹೆಚ್ಚಾಯಿತು, ಗೊಬ್ಬರ ಕಮ್ಮಿಯಾಯಿತು ಎಂದು ಹಳಿಯುತ್ತೇವೆ. ಬಹಳ ಸಲ ಅದಕ್ಕೆ ಬೇಕಾಗಿದ್ದುದು ಒಂದಿಷ್ಟು ವಿಶ್ರಾಂತಿ.

ಊಟಿಯಲ್ಲಿ ಆ ವಿಶ್ರಾಂತಿಯನ್ನು ಹವೆಯೇ ಕೊಡುತ್ತದೆ. ಎಲ್ಕ್ ಹಿಲ್ ಇಳಿಜಾರಿನಲ್ಲಿ 1995ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿದ ಸರ್ಕಾರಿ ಗುಲಾಬಿ ತೋಟಕ್ಕೆ ಮೇ ತಿಂಗಳಲ್ಲಿ ಹೋದರೆ ಜನರ ಮಧ್ಯೆ ಹೂ ಹುಡುಕಬೇಕು. ಆದರೂ ಹೋಗಬೇಕು. ಪೀಸ್ ಎಂಬ ಪ್ರಸಿದ್ಧ ತಳಿಯನ್ನು ಅಲ್ಲಿ ನೋಡಿದೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರ ಏಪ್ರಿಲ್‌ನಲ್ಲಿ, ಶಾಂತಿಯ ಹೆಸರು ಪಡೆದ ಮೆಯಾಂ ಮನೆತನದ ಗುಲಾಬಿ. ಊಟಿಯ ತಣ್ಣನೆಯ ರಾತ್ರಿಗಳಲ್ಲಿ ಮೊಗ್ಗು ನಿಧಾನವಾಗಿ ಬಲಿಯುತ್ತದೆ, ಎಸಳು ಹೆಚ್ಚುತ್ತವೆ. ಹಳದಿ ಗಾಢವಾಗಿ, ಅಂಚಿಗೆ ಕೆಂಪು ಇಳಿದಿತ್ತು. ಮಾರ್ಚಿನ ಬೆಂಗಳೂರಿನಲ್ಲಿ ಇದೇ ಗಿಡದ ಹೂವು ಬೆಳಿಗ್ಗೆ ಬಿರಿದು ಮಧ್ಯಾಹ್ನಕ್ಕೆ ಬೆಳ್ಳಗಾಗಿ, ಅಂಗೈಯಷ್ಟೂ ಇರುವುದಿಲ್ಲ. ಅಂಗಡಿಯ ಚಿತ್ರ ನೋಡಿ ಗಿಡ ಕೊಂಡವರಿಗೆ ಬೇಸರವಾಗುವುದು ಇಲ್ಲೇ. ಆ ಚಿತ್ರ ತೆಗೆದ ಊರಿನ ರಾತ್ರಿ ಎಷ್ಟು ತಂಪಿತ್ತೆಂದು ಚೀಟಿಯಲ್ಲಿ ಬರೆದಿರುವುದಿಲ್ಲ.

ಇದಕ್ಕೆ ಬೇರೆ ದಾರಿ ಹುಡುಕಿದವರು ಕೊಡೈಕೆನಾಲ್‌ನಲ್ಲಿದ್ದಾರೆ. ಐಎಎಸ್ ಹುದ್ದೆ ಬಿಟ್ಟು ಗುಲಾಬಿಗೆ ಬಾಳು ಕೊಟ್ಟ ಎಂ.ಎಸ್. ವೀರರಾಘವನ್ ಮತ್ತು ಅವರ ಹೆಂಡತಿ ಗಿರಿಜಾ. ಬಿಸಿ ನಾಡಿನ ಗುಲಾಬಿಗೆ ಬಿಸಿ ನಾಡಿನದೇ ಕಾಡು ಗುಲಾಬಿ ತಾಯಿಯಾಗಬೇಕು ಎಂಬುದು ಅವರು ಹಿಡಿದ ಹಾದಿ. ಅವರು ಆರಿಸಿಕೊಂಡ ಒಂದು ಜಾತಿ ರೋಸಾ ಕ್ಲಿನೋಫಿಲ್ಲಾ; ಬಂಗಾಳದ ಹೊಳೆದಂಡೆಗಳಲ್ಲಿ, ಬುಡದಲ್ಲಿ ನೀರು ನಿಂತರೂ ಬದುಕುವ ಬಿಳಿ ಹೂವಿನ ಗಿಡ. ಇನ್ನೊಂದು ರೋಸಾ ಜೈಗಾಂಟಿಯಾ; 1882ರಲ್ಲಿ ಜಾರ್ಜ್ ವ್ಯಾಟ್ ಮಣಿಪುರದ ಬೆಟ್ಟಗಳಲ್ಲಿ ಕಂಡ, ಮರದ ನೆತ್ತಿಗೆ ಹಬ್ಬುವ ಬೃಹತ್ ಬಳ್ಳಿ. ಅವರು ಸೃಷ್ಟಿಸಿದ ಗುಲಾಬಿಯೊಂದಕ್ಕೆ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಹೆಸರಿಟ್ಟಿದ್ದಾರೆ. ಅದಕ್ಕೂ ಮುಂಚೆ ದೆಹಲಿಯಲ್ಲಿ ಕೃಷಿ ವಿಜ್ಞಾನಿ ಬಿ.ಪಿ. ಪಾಲ್, ಗೋಧಿಯ ಕೆಲಸದ ನಡುವೆ, ನಮ್ಮ ಬಯಲಿಗೊಗ್ಗುವ ಗುಲಾಬಿಗಳನ್ನು ಬೆಳೆಸಿದ್ದರು. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯೂ ಅರ್ಕಾ ಹೆಸರಿನ ತಳಿಗಳನ್ನು ಕೊಟ್ಟಿದೆ. ಇಷ್ಟಿದ್ದೂ ನಮ್ಮ ನರ್ಸರಿಗಳಲ್ಲಿ ಕೇಳಿದರೆ ಕೈಗೆ ಬರುವುದು ಹೆಸರಿಲ್ಲದ ಕೆಂಪು, ಹೆಸರಿಲ್ಲದ ಹಳದಿ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ನಮ್ಮ ನೆಲದ ಕಾಡು ಗುಲಾಬಿಯನ್ನು ನಮ್ಮವರಲ್ಲಿ ಹೆಚ್ಚಿನವರು ಚಿತ್ರದಲ್ಲೂ ನೋಡಿಲ್ಲ.

ದೊಡ್ಡಬಳ್ಳಾಪುರದ ಕಡೆಯ ಪಾಲಿಹೌಸುಗಳದು ಬೇರೆಯೇ ಲೋಕ. ಪ್ಲಾಸ್ಟಿಕ್ ಚಾವಣಿಯ ಕೆಳಗೆ ಹನಿ ನೀರು, ಅಳೆದ ಗೊಬ್ಬರ, ಉದ್ದ ಕಡ್ಡಿಯ ತಾಜ್‌ಮಹಲ್ ಕೆಂಪು. ಅಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ನೋಟ: ಸಣ್ಣ ಕೊಂಬೆಗಳನ್ನೆಲ್ಲ ದಾರಿಯ ಕಡೆಗೆ ಬಾಗಿಸಿ ಮಲಗಿಸಿದ್ದರು. ಬಾಗಿದ ಕೊಂಬೆಯ ಎಲೆ ಗಿಡಕ್ಕೆ ಊಟ ಮಾಡಿ ಹಾಕುತ್ತದೆ, ಬುಡದಿಂದ ದಪ್ಪ ಕಡ್ಡಿ ನೇರ ಏಳುತ್ತದೆ. ಮಿನಿಯಾಪೊಲಿಸ್‌ನಲ್ಲಿ ಬದುಕಿಸಲು ಬಾಗಿಸಿದರು, ಇಲ್ಲಿ ಮಾರಾಟಕ್ಕೆ.

ಚಿಕ್ಕಬಳ್ಳಾಪುರದ ಬಯಲಿನಲ್ಲಿ ಚಾವಣಿಯಿಲ್ಲ. ನಂದಿಬೆಟ್ಟ ಕಾಣುವ ಹೊಲದಲ್ಲಿ ಮಿರಾಬುಲ್ ಗುಲಾಬಿಯ ಸಾಲು, ಅಂಚಿನಲ್ಲಿ ಬಟನ್ ರೋಸ್. ಬೆಳಕು ಹರಿಯುವ ಮುಂಚೆಯೇ ತಲೆಗೆ ಟಾರ್ಚು ಕಟ್ಟಿಕೊಂಡು ಹೂ ಬಿಡಿಸುತ್ತಿದ್ದರು. ಮಾರುಕಟ್ಟೆಗೆ ಹೊತ್ತಿಗೆ ಮುಟ್ಟದಿದ್ದರೆ ಕಿಲೋ ಬೆಲೆ ಬಿದ್ದುಹೋಗುತ್ತದೆ. ಹೊಲದ ಯಜಮಾನಿಗೆ ಅರವತ್ತು ದಾಟಿರಬೇಕು. ಮನೆ ಹಿಂದಿನ ಪನ್ನೀರು ಗುಲಾಬಿಯ ಮಡಿ ತೋರಿಸಿದರು. ಗಿಡಗಳನ್ನು ಮೊಣಕಾಲೆತ್ತರಕ್ಕೆ ಸವರಿ, ಕಡಿದ ತುದಿಗಳಿಗೆ ಬೋರ್ಡೋ ಮುಲಾಮು ಹಚ್ಚಿದ್ದರು. ಪ್ರತಿ ಗಿಡದ ಸುತ್ತ ಗೇಣುದ್ದ ಮಣ್ಣು ಬಿಡಿಸಿ, ಬೇರು ಕಾಣುವಂತೆ ಬಿಸಿಲಿಗೆ ಬಿಟ್ಟಿದ್ದರು. ನೀರು ನಿಲ್ಲಿಸಿದ್ದರು.

"ಇದ್ಯಾಕಮ್ಮ ಬೇರು ಬಿಚ್ಚಿದೀರ?"

"ಎಲೆ ಉದುರಲಿ ಅಂತ. ಒಂದು ವಾರ ಹಿಂಗೇ ಬಿಡ್ತೀವಿ. ಆಮೇಲೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ ಮುಚ್ಚಿ ನೀರು ಕೊಟ್ರೆ, ನೋಡಮ್ಮ, ಒಂದೇ ಸಲಕ್ಕೆ ಕಣ್ಣು ಒಡೀತದೆ."

ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಊರಿನಲ್ಲಿ ಗಿಡ ಮಲಗಲೆಂದು ಮಣ್ಣು ಮುಚ್ಚುತ್ತಾರೆ. ಇಲ್ಲಿ ಗಿಡ ಮಲಗಲೆಂದೇ ಮಣ್ಣು ಬಿಡಿಸುತ್ತಾರೆ. ಇಲ್ಲದ ಚಳಿಗಾಲವನ್ನು ಈ ತಾಯಿ ಬಾಯಾರಿಕೆಯಿಂದ, ಕತ್ತರಿಯಿಂದ, ಬೇರಿಗೆ ತಾಗುವ ಬಿಸಿಲಿನಿಂದ ಕಟ್ಟಿಕೊಟ್ಟಿದ್ದರು. ನಮ್ಮ ಹಳೆಯ ತೋಟಗಾರರು ಇದನ್ನು ಚೆನ್ನಾಗಿ ಬಲ್ಲರು. ಹೊಲದ ಮಿರಾಬುಲ್‌ಗೂ ಹೀಗೇ ಮಾಡುತ್ತೀರಾ ಎಂದರೆ ತಲೆಯಲ್ಲಾಡಿಸಿದರು. "ಅಷ್ಟು ಗಿಡಕ್ಕೆ ಕೂಲಿ ಎಲ್ಲಿಂದ ತರಾದು? ಅದಕ್ಕೆ ಕತ್ತರಿ ಹಾಕಿ, ಸಾಲಿನ ಪಕ್ಕ ಮಣ್ಣು ಎಳೆದು ಗೊಬ್ಬರ ಕೊಡ್ತೀವಿ ಅಷ್ಟೆ."

ಕತ್ತರಿ ಯಾವಾಗ ಹಾಕಬೇಕೆಂದು ಹೇಗೆ ತಿಳಿಯುತ್ತದೆ? ಇಲ್ಲಿ ಹಿಮ ಬೀಳುವುದಿಲ್ಲ, ಫೊರ್ಸೀಥಿಯಾ ಅರಳುವುದಿಲ್ಲ. ಪುಸ್ತಕಗಳಲ್ಲಿ ಮಳೆಗಾಲದ ಮೊದಲಿಗೊಂದು ಸಲ, ಮಳೆ ನಿಂತ ಮೇಲೊಂದು ಸಲ ಎಂದಿರುತ್ತದೆ. ಅವರ ಲೆಕ್ಕ ಅದಕ್ಕಿಂತ ಬಿಗಿಯಾಗಿತ್ತು. ಕತ್ತರಿ ಹಾಕಿದ ಆರೇಳು ವಾರಕ್ಕೆ ಹೂ ಕೈಗೆ ಬರುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂ ಬೇಕೆಂದರೆ ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಹಾಗೆ ಎಣಿಸಿದರೆ ಜ್ಯೇಷ್ಠದ ಕೊನೆ, ಆಷಾಢ ಹುಟ್ಟುವ ಹೊತ್ತು.

"ಆಷಾಢದಾಗೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೂ ಕೇಳೋರೇ ಇರಲ್ಲ. ಆಗ ಗಿಡ ಬೋಳಾಗಿದ್ರೆ ನಮಗೇನು ನಷ್ಟ? ಮಲಕ್ಕೊಳ್ಳಲಿ. ಶ್ರಾವಣಕ್ಕೆ ಏಳ್ತದೆ" ಎಂದರು. ಮಗನನ್ನು ಕರೆದು, ಪಂಚಾಂಗದಲ್ಲಿ ಈ ಸಲ ದೀಪಾವಳಿ ಯಾವತ್ತು ಬಂದಿದೆ ನೋಡು, ಬಟನ್ ರೋಸಿಗೆ ದಿನ ಗೊತ್ತುಮಾಡಬೇಕು ಎಂದರು.